ಕೋಳಿಗೆ ಹಾಕಿದ್ದು ಕೋಳಿಯಲ್ಲೇ ಉಳಿಯುವುದಿಲ್ಲ

ಕೋಳಿ, ಹಂದಿಗಳು ಬೇಗ ತೂಕ ಬರಲೆಂದು ಮೇವಿನಲ್ಲಿ ಆ್ಯಂಟಿಬಯೋಟಿಕ್ ಬೆರೆಸುವುದನ್ನು ಸಮರ್ಥಿಸುವವರ ವಾದಗಳು ಹಳೆಯವು, ಆದರೆ ಇನ್ನೂ ಚಲಾವಣೆಯಲ್ಲಿವೆ. ರೋಗ ಬಂದ ಕೋಳಿಗೆ ಪಶುವೈದ್ಯರು ಕೊಡುವ ಔಷಧದ ಬಗ್ಗೆ ನನ್ನ ತಕರಾರಿಲ್ಲ. ಆರೋಗ್ಯವಾಗಿರುವ ಕೋಳಿಗೆ ದಿನವೂ ತಿನ್ನಿಸುವುದರ ಬಗ್ಗೆ ಮಾತ್ರ ಇಲ್ಲಿನ ಜಗಳ: ಅದು ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತದೆ, ಅವು ನಮ್ಮವರೆಗೂ ಬರುತ್ತವೆ. ಅವರ ವಾದಗಳನ್ನು ಅವರ ಮಾತಿನಲ್ಲೇ ಇಡುತ್ತೇನೆ, ತೀರ್ಪು ಓದುಗರದು.

"ಕೋಳಿಯ ಬ್ಯಾಕ್ಟೀರಿಯಾ ಬೇರೆ, ಮನುಷ್ಯನ ರೋಗಾಣು ಬೇರೆ. ಬೇಯಿಸಿದರೆ ಎಲ್ಲವೂ ಸಾಯುತ್ತವೆ." ಬೇಯಿಸಿದರೆ ಸಾಯುತ್ತವೆ, ಒಪ್ಪಿದೆ. ಹಸಿ ಕೋಳಿ ಕತ್ತರಿಸಿದ ಮಣೆಯ ಮೇಲೇ ಹೆಚ್ಚಿದ ಕೊತ್ತಂಬರಿಯನ್ನು ಯಾರು ಬೇಯಿಸುತ್ತಾರೆ? ಫಾರಂನಿಂದ ಹೊಲಕ್ಕೆ ಹೋಗುವ ಕೋಳಿಗೊಬ್ಬರವನ್ನು ಯಾರು ಬೇಯಿಸುತ್ತಾರೆ? ಇನ್ನು ಜಾತಿ ಬೇರೆ ಎಂಬ ಮಾತು. ಔಷಧಕ್ಕೆ ಜಗ್ಗದ ಗುಣವನ್ನು, ಅಂದರೆ ನಿರೋಧಕತೆಯನ್ನು, ಕೊಡುವ ಜೀನ್ ಎಷ್ಟೋ ಸಲ ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯಲ್ಲಿರದೆ, ಪ್ಲಾಸ್ಮಿಡ್ ಎಂಬ ಪುಟ್ಟ ವರ್ತುಲದಲ್ಲಿರುತ್ತದೆ. ಅದನ್ನು ಹೊತ್ತ ಬ್ಯಾಕ್ಟೀರಿಯಾ ಸಣ್ಣ ತಂತುವೊಂದನ್ನು ಚಾಚಿ ಪಕ್ಕದ ಬ್ಯಾಕ್ಟೀರಿಯಾವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತದೆ, ಪ್ಲಾಸ್ಮಿಡ್ಡಿನ ಎರಡು ಎಳೆಗಳಲ್ಲಿ ಒಂದನ್ನು ದಾಟಿಸುತ್ತದೆ. ಎರಡೂ ಕಡೆ ಕಾಣೆಯಾದ ಎಳೆ ಮತ್ತೆ ತಯಾರಾಗುತ್ತದೆ. ಕೊಟ್ಟದ್ದಕ್ಕೂ ನಷ್ಟವಿಲ್ಲ, ಪಡೆದದ್ದಕ್ಕೆ ಹೊಸ ಬಲ. ಪಡೆಯುವುದು ಅದೇ ಜಾತಿಯದಾಗಿರಬೇಕೆಂದೂ ಇಲ್ಲ. ಆಮಶಂಕೆ ತರುವ ಶಿಗೆಲ್ಲಾ ಮತ್ತು ಕರುಳಿನ ಇ. ಕೋಲಿ ನಡುವೆ ಹಲವು ಔಷಧಗಳ ನಿರೋಧಕತೆ ಒಟ್ಟಿಗೇ ದಾಟುವುದನ್ನು ಜಪಾನಿನ ವಿಜ್ಞಾನಿಗಳು 1959ರಲ್ಲೇ ತೋರಿಸಿಕೊಟ್ಟರು.

"ನಾವು ಹಾಕುವುದು ಟನ್ ಮೇವಿಗೆ ಕೆಲವೇ ಗ್ರಾಂ. ಇಷ್ಟರಿಂದ ಏನಾಗುತ್ತದೆ?" ಆಗುವುದೇ ಇಷ್ಟರಿಂದ. ಕೊಲ್ಲಲು ಸಾಲದಷ್ಟು ಔಷಧಕ್ಕೆ ಒಡ್ಡಿದರೆ ಸೂಕ್ಷ್ಮಾಣುಗಳು ಸುಲಭವಾಗಿ ನಿರೋಧಕವಾಗುತ್ತವೆ ಎಂದು ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು. ಅಮೆರಿಕದ ಸ್ಟುವರ್ಟ್ ಲೆವಿ ಮತ್ತು ಸಂಗಡಿಗರು ಒಂದು ಫಾರಂನ ಕೋಳಿಗಳಿಗೆ ಅಂಥ ಅಲ್ಪ ಪ್ರಮಾಣದ ಟೆಟ್ರಾಸೈಕ್ಲಿನ್ ತಿನ್ನಿಸಿ ನೋಡಿ, 1976ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವೇ ವಾರಗಳಲ್ಲಿ ಕೋಳಿಗಳ ಕರುಳಿನ ಬ್ಯಾಕ್ಟೀರಿಯಾ ನಿರೋಧಕವಾದವು. ಕೆಲವು ತಿಂಗಳಲ್ಲಿ ಆ ಫಾರಂ ಮನೆಯವರ ಕರುಳಿನಲ್ಲೂ ಅದೇ ಬೆಳವಣಿಗೆ ಕಂಡಿತು. ತಿನ್ನಿಸಿದ್ದು ಒಂದೇ ಔಷಧ. ನಿರೋಧಕತೆ ಕಂಡದ್ದು ಹಲವು ಔಷಧಗಳಿಗೆ. ಇದೇ ಜನ ಇನ್ನೊಂದು ಕಡೆ, ಈ ಕೆಲವು ಗ್ರಾಂ ಕರುಳಿನ ಬ್ಯಾಕ್ಟೀರಿಯಾವನ್ನು ಹದ್ದುಬಸ್ತಿನಲ್ಲಿಡುವುದರಿಂದಲೇ ಕೋಳಿ ಬೆಳೆಯುತ್ತದೆ ಎನ್ನುತ್ತಾರೆ. ಬ್ಯಾಕ್ಟೀರಿಯಾಕ್ಕೆ ತಟ್ಟದಷ್ಟು ಕಡಿಮೆಯೋ, ಅವುಗಳನ್ನು ಹತ್ತಿಕ್ಕುವಷ್ಟು ಹೆಚ್ಚೋ? ಎರಡರಲ್ಲಿ ಒಂದನ್ನು ಅವರು ಕೈಬಿಡಲೇಬೇಕು.

"ಕೋಳಿಗೆ ಕೊಡುವುದು ಮನುಷ್ಯರಿಗೆ ಬಳಸದ ಔಷಧ." ಅವರಿಗೆ ಇದು ಅತ್ಯಂತ ಗಟ್ಟಿ ವಾದ, ಬ್ಯಾಕ್ಟೀರಿಯಾದ ರಚನೆ ತಿಳಿದವರಿಗೆ ಅತ್ಯಂತ ಪೊಳ್ಳು. ಬಹುತೇಕ ಬ್ಯಾಕ್ಟೀರಿಯಾಗಳ ಪೊರೆಯ ಹೊರಗೆ ಗಟ್ಟಿಯಾದ ಕೋಶಭಿತ್ತಿಯಿದೆ. ನಮ್ಮ ಜೀವಕೋಶಗಳಿಗೆ ಅದಿಲ್ಲ. ಆದ್ದರಿಂದಲೇ ಭಿತ್ತಿಗೆ ಕೈಹಾಕುವ ಔಷಧ ನಮ್ಮನ್ನು ಬಿಟ್ಟು ಅವುಗಳನ್ನು ಕೊಲ್ಲಬಲ್ಲದು. ಭಿತ್ತಿ ಕಟ್ಟುವ ತುಣುಕುಗಳ ತುದಿಯಲ್ಲಿ ಎರಡು ಅಲನಿನ್ ಅಣುಗಳು ಜೋಡಿಯಾಗಿರುತ್ತವೆ. ಆಸ್ಪತ್ರೆಗಳಲ್ಲಿ ಬಳಸುವ ವ್ಯಾಂಕೊಮೈಸಿನ್ ಆ ಜೋಡಿಯನ್ನು ಹಿಡಿದು ಕಟ್ಟಡವನ್ನೇ ನಿಲ್ಲಿಸುತ್ತದೆ. ಯುರೋಪಿನಲ್ಲಿ ಕೋಳಿ, ಹಂದಿಗಳಿಗೆ ಹಾಕುತ್ತಿದ್ದ ಅವೊಪಾರ್ಸಿನ್ ಹಿಡಿಯುತ್ತಿದ್ದುದೂ ಅದೇ ಜೋಡಿಯನ್ನು. ನಿರೋಧಕ ಬ್ಯಾಕ್ಟೀರಿಯಾ ಕೊನೆಯ ಅಲನಿನ್ ಬದಲು ಲ್ಯಾಕ್ಟೇಟ್ ಇಟ್ಟುಕೊಂಡರೆ ಎರಡು ಔಷಧಗಳೂ ಒಟ್ಟಿಗೇ ಸೋಲುತ್ತವೆ. ಡೆನ್ಮಾರ್ಕ್ 1995ರಲ್ಲಿ ಅವೊಪಾರ್ಸಿನ್ ನಿಷೇಧಿಸಿದ್ದು ಇದಕ್ಕೇ.

ಕೊಲಿಸ್ಟಿನ್ ಕಥೆ ಇನ್ನೂ ಕೆಟ್ಟದ್ದು. ಇ. ಕೋಲಿಯಂಥವುಗಳಿಗೆ ಭಿತ್ತಿಯ ಹೊರಗೂ ಒಂದು ಪೊರೆಯಿದೆ. ಕೊಲಿಸ್ಟಿನ್ ಅದನ್ನು ಹರಿದುಹಾಕುತ್ತದೆ. ಮೂತ್ರಪಿಂಡಕ್ಕೆ ಹಾನಿ ಎಂದು ವೈದ್ಯರು ಬದಿಗಿಟ್ಟಿದ್ದ ಈ ಔಷಧ, ಉಳಿದವು ಸೋತ ಮೇಲೆ ಐಸಿಯುಗಳಲ್ಲಿ ಕೊನೆಯ ಆಸರೆಯಾಗಿ ಮರಳಿತು. ಅಷ್ಟರಲ್ಲಿ ಅದು ಹಂದಿ, ಕೋಳಿಗಳ ಮೇವು ಸೇರಿಯಾಗಿತ್ತು. 2015ರ ನವೆಂಬರಿನಲ್ಲಿ ಚೀನಾದ ವಿಜ್ಞಾನಿಗಳು ಹೊರಪೊರೆಯನ್ನೇ ಮಾರ್ಪಡಿಸಿ ಕೊಲಿಸ್ಟಿನ್ ಅಂಟದಂತೆ ಮಾಡುವ ಎಂಸಿಆರ್-1 ಜೀನನ್ನು ವರದಿ ಮಾಡಿದರು. ಅದಿದ್ದದ್ದು ಪ್ಲಾಸ್ಮಿಡ್ಡಿನಲ್ಲಿ, ಸಿಕ್ಕಿದ್ದು ಹಂದಿಗಳಲ್ಲಿ, ಮಾಂಸದಲ್ಲಿ, ಆಸ್ಪತ್ರೆಯ ರೋಗಿಗಳಲ್ಲಿ. ಇಂದು ಮನುಷ್ಯರಿಗೆ ಬೇಡವಾದದ್ದು ನಾಳೆಯೂ ಬೇಡವೆಂದು ಇವರಿಗೆ ಯಾರು ಬರೆದುಕೊಟ್ಟರು?

"ನಿರೋಧಕತೆ ಪ್ರಕೃತಿಸಹಜ, ಔಷಧಕ್ಕಿಂತ ಹಳೆಯದು." ನಿಜ. ಕೆನಡಾದಲ್ಲಿ 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲೂ ಅಂಥ ಜೀನ್‌ಗಳು ಸಿಕ್ಕಿವೆ. ಆದರೆ ಎಲ್ಲೋ ಇರುವುದು ಬೇರೆ, ಊರೆಲ್ಲ ಹಬ್ಬುವುದು ಬೇರೆ. ಸುತ್ತಲಿನ ಉಳಿದ ಬ್ಯಾಕ್ಟೀರಿಯಾಗಳನ್ನು ಔಷಧ ಅಳಿಸಿ ಜಾಗ ತೆರವು ಮಾಡಿಕೊಟ್ಟಾಗಲೇ ಅವು ಹಬ್ಬುವುದು. ಈ ವಾದ ಮೇವಿನ ಔಷಧವನ್ನು ಬಿಡುಗಡೆ ಮಾಡುವುದಿಲ್ಲ, ಸಿಕ್ಕಿಹಾಕಿಸುತ್ತದೆ.

"ಹೊಣೆ ಆಸ್ಪತ್ರೆಗಳದು." ಅವುಗಳದೂ ಇದೆ. ಆದರೆ 1994ರಲ್ಲಿ ಡೆನ್ಮಾರ್ಕಿನ ರೋಗಿಗಳಿಗೆ ಬಳಸಿದ ವ್ಯಾಂಕೊಮೈಸಿನ್ 24 ಕಿಲೋ, ಪ್ರಾಣಿಗಳಿಗೆ ತಿನ್ನಿಸಿದ ಅವೊಪಾರ್ಸಿನ್ 24,000 ಕಿಲೋ.

"ಈಗಾಗಲೇ ಹಬ್ಬಿಯಾಗಿದೆ, ನಿಷೇಧದಿಂದ ಏನು ಪ್ರಯೋಜನ? ಕೋಳಿ ಸಾಕಣೆ ಮುಳುಗುತ್ತದೆ ಅಷ್ಟೆ." ಮೊದಲ ವಾದದಲ್ಲಿ ಹಬ್ಬುವುದೇ ಇಲ್ಲ ಎಂದವರು ಇವರೇ. ಮುಳುಗುವ ಮಾತಿಗೆ ಉತ್ತರ: ಸ್ವೀಡನ್ 1986ರಲ್ಲಿ, ಇಡೀ ಯುರೋಪಿಯನ್ ಒಕ್ಕೂಟ 2006ರಲ್ಲಿ ತೂಕ ಬರಿಸಲು ಆ್ಯಂಟಿಬಯೋಟಿಕ್ ಬಳಸುವುದನ್ನು ನಿಲ್ಲಿಸಿದವು, ಅಲ್ಲಿ ಕೋಳಿ ಸಾಕಣೆ ಇಂದಿಗೂ ನಡೆದಿದೆ. ಪ್ರಯೋಜನದ ಮಾತಿಗೆ: ಲೆವಿ ಅವರ ಫಾರಂನಲ್ಲಿ ಔಷಧದ ಮೇವು ನಿಂತ ಮೇಲೆ ಮನೆಯವರಲ್ಲಿ ನಿರೋಧಕ ಬ್ಯಾಕ್ಟೀರಿಯಾ ಇಳಿದವು. ಅವೊಪಾರ್ಸಿನ್ ನಿಂತ ಮೇಲೆ ಡೆನ್ಮಾರ್ಕಿನ ಕೋಳಿಗಳಲ್ಲಿ ವ್ಯಾಂಕೊಮೈಸಿನ್‌ಗೆ ಜಗ್ಗದ ಬ್ಯಾಕ್ಟೀರಿಯಾ ಬಹಳಷ್ಟು ಕಡಿಮೆಯಾದವು, ಪೂರ್ತಿ ಮಾಯವಾಗಲಿಲ್ಲ. ಚೀನಾ 2017ರಲ್ಲಿ ಮೇವಿನ ಕೊಲಿಸ್ಟಿನ್ ನಿಲ್ಲಿಸಿತು. ಹಂದಿಗಳಲ್ಲೂ ಮನುಷ್ಯರಲ್ಲೂ ಎಂಸಿಆರ್-1 ಇಳಿಯಿತು. ಭಾರತ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧಿಸಿದ್ದು ಸರಿಯಾಗಿಯೇ ಇದೆ. ಆದರೆ ಅದು ಒಂದೇ ಔಷಧದ ಮೇಲಿನ ನಿಷೇಧ, ಮೇಲೆ ಹೇಳಿದ ಟೆಟ್ರಾಸೈಕ್ಲಿನ್ ಅದರಲ್ಲಿಲ್ಲ.