ತಾಳೆಯಾಗದ ಲೆಕ್ಕ

ಮಕ್ಕಳೇ, ಆಗಸ್ಟ್ 1 ಜಮೈಕಾ, ಬಾರ್ಬಡೋಸ್, ಟ್ರಿನಿಡಾಡ್ ದ್ವೀಪಗಳಲ್ಲಿ ವಿಮೋಚನಾ ದಿನ. ಆಫ್ರಿಕಾದಿಂದ ಹಡಗುಗಳಲ್ಲಿ ಹೊತ್ತು ತಂದು ಕಬ್ಬಿನ ತೋಟಗಳಲ್ಲಿ ದುಡಿಸುತ್ತಿದ್ದವರ ಗುಲಾಮಗಿರಿಯನ್ನು ಬ್ರಿಟಿಷರ ಕಾಯಿದೆ 1834ರ ಇದೇ ದಿನ ರದ್ದು ಮಾಡಿತು. ಆದರೆ ಕೂಡಲೇ ಬಿಡುಗಡೆಯಾದದ್ದು 6 ವರ್ಷ ತುಂಬದ ಮಕ್ಕಳಿಗಷ್ಟೇ. ಉಳಿದವರು ‘ಅಪ್ರೆಂಟಿಸ್’ ಎಂಬ ಹೆಸರಿನಲ್ಲಿ 1838ರವರೆಗೆ ಹಳೆಯ ಧಣಿಗಳಿಗೇ ಬಿಟ್ಟಿ ದುಡಿಯಬೇಕಾಯಿತು.

ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದೇ ತಲೆ ನರೆತವನು ನಾನು. ಈ ಲೆಕ್ಕ ಮಾತ್ರ ನನಗೆ ತಾಳೆಯಾಗುವುದಿಲ್ಲ. ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಅದೂ ಧಣಿಗಳಿಗೆ! ದುಡಿದವರಿಗೆ ಒಂದು ಕಾಸೂ ಸಿಗಲಿಲ್ಲ. ಅದಕ್ಕಾಗಿ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಸಾಲ ಕೊಟ್ಟವರ ಖಾತೆ ಚುಕ್ತಾ ಆಯಿತು. ದುಡಿದವರ ಬಾಕಿಯನ್ನು ಅವರ ವಂಶದವರು ಇಂದಿಗೂ ಕೇಳುತ್ತಿದ್ದಾರೆ.