ಮುಸುರೆ ಪಾತ್ರೆ ಮತ್ತು ಕಂಪೈಲರಿನ ಚೀಟಿ

ಹೋದ ವಾರ ಎರಡು ರಾತ್ರಿ ನಿದ್ದೆಗೆಟ್ಟೆ. ಮಗು ಅತ್ತಿದ್ದಕ್ಕಲ್ಲ, ಸೊಳ್ಳೆ ಕಚ್ಚಿದ್ದಕ್ಕೂ ಅಲ್ಲ. ಸಿ ಭಾಷೆಯ ಒಂದೇ ಒಂದು ಸಾಲಿನಿಂದ!

ಲಿನಕ್ಸಿನಲ್ಲಿ ಸಿ ಲೈಬ್ರರಿಯ ಹಂಗಿಲ್ಲದೆ ಓಡುವ ಒಂದು ಪುಟ್ಟ ಪ್ರೋಗ್ರಾಂ ಬರೆಯೋ ಹುಚ್ಚು ಹತ್ತಿತ್ತು. ಲೈಬ್ರರಿ ಬೇಡ ಅಂದ ಮೇಲೆ ಕರ್ನಲ್ ಜೊತೆ ನಾವೇ ಮಾತಾಡಬೇಕಲ್ಲ. ಅದಕ್ಕೆ ಸಿ ಕೋಡಿನ ನಡುವೆ 'ಸಿಸ್ಕಾಲ್' ಅನ್ನೋ ಅಸೆಂಬ್ಲಿ ಇನ್‌ಸ್ಟ್ರಕ್ಷನ್ ತುರುಕಿದ್ದೆ. ಆಪ್ಟಿಮೈಸೇಶನ್ ಇಲ್ಲದೆ ಕಂಪೈಲ್ ಮಾಡಿದರೆ ಚಿನ್ನದಂಥ ಪ್ರೋಗ್ರಾಂ. ಆಪ್ಟಿಮೈಸೇಶನ್ ಹಾಕಿದ ಕೂಡಲೇ, ಎಷ್ಟು ಸಾಲು ಬರೆದಾಯ್ತು ಅಂತ ಲೆಕ್ಕ ಇಡುವ ವೇರಿಯಬಲ್ ಸೊನ್ನೆಯಿಂದ ನೇರ 93 ಲಕ್ಷ ಕೋಟಿಗೆ ಹಾರುತ್ತಿತ್ತು. ಅಷ್ಟೇ ಅಲ್ಲ, ಮುಂದಿನ ಸಾಲು ಬರೆದರೂ ಅದೇ ಸಂಖ್ಯೆ, ಅದರ ಮುಂದಿನದಕ್ಕೂ ಅದೇ ಸಂಖ್ಯೆ.

ಮೊದಲ ರಾತ್ರಿ ನನಗೆ ಒಳಗೊಳಗೇ ಖುಷಿ. ಜಿಸಿಸಿಯಲ್ಲೇ ಬಗ್ ಹಿಡಿದೆ ಅಂತ! ವರದಿ ಬರೆಯೋಕೂ ಕೂತೆ. (ಕಳಿಸಲಿಲ್ಲ, ಪುಣ್ಯ.) ಎರಡನೇ ರಾತ್ರಿ ಆ ಸಂಖ್ಯೆಯನ್ನ ಹೆಕ್ಸಿನಲ್ಲಿ ಬರೆದು ನೋಡಿದೆ. ಸಾಲಾಗಿ ಐದುಗಳು. ಡೀಬಗರಿನಲ್ಲಿ ಓಡಿಸಿದಾಗ ನಮ್ಮ ಪ್ರೋಗ್ರಾಮಿನ ಕೋಡು ಕೂರುವ ಜಾಗದ ವಿಳಾಸ ಹಾಗೇ ಇರುತ್ತೆ. ಈ ವಿಳಾಸದಲ್ಲಿ ಯಾರಿದ್ದಾರೆ ಅಂತ ಡೀಬಗರನ್ನ ಕೇಳಿದರೆ ನನ್ನದೇ ಫಂಕ್ಷನ್ ಹೆಸರು ಹೇಳಿತು. ಸಿಸ್ಕಾಲ್ ಆದ ತಕ್ಷಣ ಬರುವ ಇನ್‌ಸ್ಟ್ರಕ್ಷನ್ನಿನ ವಿಳಾಸ, ಅದಕ್ಕೆ ಒಂದು ಕೂಡಿಸಿದ್ದು. ಅಲ್ಲಿಗೆ ಹೊಟ್ಟೆಯಲ್ಲಿ ತಣ್ಣಗಾಯ್ತು.

ಎಕ್ಸ್86-64 ಪ್ರೊಸೆಸರಿನಲ್ಲಿ ಸಿಸ್ಕಾಲ್ ಇನ್‌ಸ್ಟ್ರಕ್ಷನ್, ವಾಪಸ್ ಬರಬೇಕಾದ ವಿಳಾಸವನ್ನ ಆರ್‌ಸಿಎಕ್ಸ್ ರಿಜಿಸ್ಟರಿನಲ್ಲಿ ಬರೆದುಬಿಡುತ್ತೆ. ಫ್ಲಾಗುಗಳನ್ನ ಆರ್11ರಲ್ಲಿ ಬರೆಯುತ್ತೆ. ಅಲ್ಲಿ ಮೊದಲೇನಿತ್ತೋ ಅದು ಹೋಯ್ತು. ಇದು ಮ್ಯಾನುಯಲ್ಲಿನಲ್ಲೇ ಇದೆ, ನನಗೂ ಗೊತ್ತಿತ್ತು. ಕಂಪೈಲರಿಗೆ ಹೇಳಬೇಕಿತ್ತು, ಹೇಳಿರಲಿಲ್ಲ. ಅದು ಪಾಪ ನನ್ನ ಮಾತು ನಂಬಿ, ಆರ್‌ಸಿಎಕ್ಸ್‌ನಲ್ಲಿ ನನ್ನ ಲೆಕ್ಕದ ವೇರಿಯಬಲ್ಲನ್ನ ಇಟ್ಟುಕೊಂಡಿತ್ತು. ಆಪ್ಟಿಮೈಸೇಶನ್ ಇಲ್ಲದಾಗ ಎಲ್ಲಾ ವೇರಿಯಬಲ್ಲುಗಳೂ ಮೆಮೊರಿಯಲ್ಲೇ ಬಿದ್ದಿರುತ್ತವೆ, ಬೇಕಾದಾಗ ಮಾತ್ರ ರಿಜಿಸ್ಟರಿಗೆ ಬರುತ್ತವೆ. ಹಾಗಾಗಿ ನನ್ನ ಸುಳ್ಳು ಅಲ್ಲಿ ಸಿಕ್ಕಿಬೀಳಲಿಲ್ಲ.

ಈ ಸಿಟ್ಟಿನಲ್ಲೇ (ಸಿಟ್ಟು ನನ್ನ ಮೇಲೇನೇ) ಒಂದು ವಿಷಯ ಬರೆಯೋಣ ಅನ್ನಿಸಿತು. ಕಂಪೈಲರ್ ತನ್ನ ಒಳಗೆ ಪ್ರತಿ ಇನ್‌ಸ್ಟ್ರಕ್ಷನ್ನಿಗೂ ಇಂಥ ಚೀಟಿಗಳನ್ನ ಅಂಟಿಸಿಕೊಂಡು ಓಡಾಡುತ್ತೆ: ಇದು ಯಾವ ರಿಜಿಸ್ಟರ್ ಓದುತ್ತೆ, ಯಾವುದನ್ನ ಬರೆಯುತ್ತೆ, ಯಾವುದನ್ನ ಕೆಡಿಸುತ್ತೆ, ಇದಾದ ಮೇಲೆ ಯಾವುದು ಯಾರಿಗೂ ಬೇಡ. ಈ ಚೀಟಿಗಳಲ್ಲಿ ಅರ್ಧದಷ್ಟು ಇರಲೇಬಾರದು ಅನ್ನೋದು ನನ್ನ ವಾದ. ಇನ್ನರ್ಧ ಈಗಿರೋದಕ್ಕಿಂತ ಕಟ್ಟುನಿಟ್ಟಾಗಿರಬೇಕು.

ಈ ಕಡೆ ತಲೆ ಹಾಕದವರಿಗೆ ಒಂದು ಮಾತು. ರಿಜಿಸ್ಟರ್ ಅಂದರೆ ಪ್ರೊಸೆಸರಿನ ಕೈಯಳತೆಯಲ್ಲಿರುವ ಪಾತ್ರೆ. ಎಕ್ಸ್86-64ರಲ್ಲಿ ಸಾಮಾನ್ಯ ಕೆಲಸಕ್ಕೆ ಸಿಗೋದು 16, ಅದರಲ್ಲೊಂದು ಸ್ಟ್ಯಾಕಿಗೆ ಮೀಸಲು. ಹಳೇ 32 ಬಿಟ್ ಕಾಲದಲ್ಲಿ ಬರೀ 8. ಕಂಪೈಲರ್ ಮೊದಲು ಪಾತ್ರೆಗಳಿಗೆ ಲೆಕ್ಕವೇ ಇಲ್ಲ ಅನ್ನೋ ಹಾಗೆ ಅಡುಗೆ ಬರೆದುಕೊಳ್ಳುತ್ತೆ. ಆಮೇಲೆ ಇರೋ ಹದಿನೈದರಲ್ಲೇ ಹೊಂದಿಸುತ್ತೆ. ಐಬಿಎಂನಲ್ಲಿ ಚೈಟಿನ್ ಮತ್ತು ಸಂಗಡಿಗರು 1981ರಲ್ಲಿ ಇದನ್ನ ಗ್ರಾಫಿಗೆ ಬಣ್ಣ ಹಚ್ಚುವ ಲೆಕ್ಕವಾಗಿ ಬಿಡಿಸಿದರು: ಒಂದೇ ಹೊತ್ತಿನಲ್ಲಿ ಬೇಕಾಗುವ ಎರಡು ಮೌಲ್ಯಗಳಿಗೆ ಒಂದೇ ಬಣ್ಣ ಇರಕೂಡದು. ಬಣ್ಣ ಎಷ್ಟೋ ರಿಜಿಸ್ಟರ್ ಅಷ್ಟೇ. ಆಮೇಲೆ ಎಷ್ಟೋ ಬಗೆಯ ವಿಧಾನ ಬಂದವು, ಆದರೆ ಬುಡದಲ್ಲಿರೋ ಪ್ರಶ್ನೆ ಅದೇ. ಈ ಹೊತ್ತಿನಲ್ಲಿ ಯಾವ ಪಾತ್ರೆಯಲ್ಲಿರೋದು ಇನ್ನೂ ಬೇಕು? ಯಾವುದನ್ನ ಮುಸುರೆಗೆ ಹಾಕಬಹುದು?

ಈಗ ಚೀಟಿಗೆ ಬರೋಣ. ಪೂರ್ಣಾಂಕಗಳ ಭಾಗಾಕಾರದ 'ಐಡಿವ್' ತಗೊಳ್ಳಿ. ಅದಕ್ಕೆ ನಾವು ಕೊಡೋದು ಭಾಜಕ ಒಂದನ್ನೇ. ಭಾಜ್ಯ ಇಡಿಎಕ್ಸ್, ಇಎಎಕ್ಸ್ ಎರಡರಲ್ಲೂ ಸೇರಿ ಮೊದಲೇ ಕೂತಿರಬೇಕು. ಭಾಗಲಬ್ಧ ಇಎಎಕ್ಸ್‌ಗೆ ಬರುತ್ತೆ, ಶೇಷ ಇಡಿಎಕ್ಸ್‌ಗೆ. ಇನ್‌ಸ್ಟ್ರಕ್ಷನ್ ಬರೆದಿರೋದನ್ನ ನೋಡಿದರೆ ಈ ಎರಡು ಹೆಸರೂ ಕಾಣೋದಿಲ್ಲ! ಕಂಪೈಲರ್ ಇವನ್ನ 'ಇಂಪ್ಲಿಸಿಟ್' ಅಂತ ಚೀಟಿಯಲ್ಲಿ ಸೇರಿಸದಿದ್ದರೆ ಎಲ್ಲಾ ಕೆಟ್ಟು ಕೂರುತ್ತೆ. ಕೂಡುವ 'ಆಡ್' ಕೂಡ ಹಾಗೇ. ಮೊತ್ತದ ಜೊತೆಗೆ ಫ್ಲಾಗುಗಳ ರಿಜಿಸ್ಟರನ್ನೂ ಬದಲಿಸುತ್ತೆ. ಆ ಫ್ಲಾಗನ್ನ ಬಹಳ ಸಲ ಯಾರೂ ನೋಡೋದಿಲ್ಲ. ಅನ್ನ ಬಸಿದಾಗ ಬರುವ ಗಂಜಿ ಇದ್ದ ಹಾಗೆ, ಬಂದೇ ಬರುತ್ತೆ, ಕುಡಿಯೋರಿಲ್ಲ. ಎಲ್‌ಎಲ್‌ವಿಎಂ ಇದಕ್ಕೆ 'ಡೆಡ್' ಅಂತ ಗುರುತು ಹಾಕುತ್ತೆ. ಒಂದು ರಿಜಿಸ್ಟರನ್ನ ಓದುವ ಕೊನೆಯ ಇನ್‌ಸ್ಟ್ರಕ್ಷನ್ ಇದೇ ಆದರೆ 'ಕಿಲ್ಡ್' ಅಂತ ಗುರುತು. ಅಂದರೆ ಇದಾದ ಮೇಲೆ ಪಾತ್ರೆ ಮುಸುರೆಗೆ. ಜಿಸಿಸಿಯಲ್ಲಿ ಇದೇ ಕೆಲಸಕ್ಕೆ ಇನ್‌ಸ್ಟ್ರಕ್ಷನ್ನಿನ ಬಾಲಕ್ಕೆ 'ರೆಗ್ ಡೆಡ್', 'ರೆಗ್ ಅನ್‌ಯೂಸ್ಡ್' ಅನ್ನೋ ನೋಟುಗಳನ್ನ ಕಟ್ಟುತ್ತಾರೆ.

ಇಲ್ಲೊಂದು ವ್ಯತ್ಯಾಸ ನೋಡಿ. ಐಡಿವ್ ಇಡಿಎಕ್ಸನ್ನ ಕೆಡಿಸುತ್ತೆ ಅನ್ನೋದು ಐಡಿವ್‌ನ ಹುಟ್ಟುಗುಣ. ಅದನ್ನ ಎಲ್ಲಿಗೆ ಎತ್ತಿಟ್ಟರೂ ಆ ಗುಣ ಹೋಗಲ್ಲ. ಆದರೆ ಇದೇ ಕೊನೆಯ ಬಳಕೆ ಅನ್ನೋದು ಹುಟ್ಟುಗುಣ ಅಲ್ಲ, ನೆರೆಹೊರೆಯ ಸುದ್ದಿ. ಪಕ್ಕದ ಇನ್‌ಸ್ಟ್ರಕ್ಷನ್ ಒಂದಿಷ್ಟು ಕೆಳಗೆ ಸರಿದರೆ ಸಾಕು, ಸುದ್ದಿ ಸುಳ್ಳಾಗುತ್ತೆ. ಶೆಡ್ಯೂಲರ್ ಅನ್ನೋದರ ಕೆಲಸವೇ ಇನ್‌ಸ್ಟ್ರಕ್ಷನ್ನುಗಳನ್ನ ಮೇಲೆ ಕೆಳಗೆ ಸರಿಸೋದು. ಸರಿಸಿದ ಪ್ರತಿ ಸಲವೂ ಹಳೇ ಚೀಟಿ ಕಿತ್ತು ಹೊಸ ಜಾಗಕ್ಕೆ ಅಂಟಿಸಬೇಕು. ಮರೆತರೆ? ಕೊನೆಯ ಬಳಕೆ ಅಂತ ಚೀಟಿ ಹೊತ್ತ ಇನ್‌ಸ್ಟ್ರಕ್ಷನ್ ಆದ ಮೇಲೂ ಯಾರೋ ಆ ರಿಜಿಸ್ಟರನ್ನ ಓದುತ್ತಿರುತ್ತಾರೆ. ಮುಂದಿನ ಹಂತ ಚೀಟಿ ನಂಬಿ ಆ ಪಾತ್ರೆ ತೊಳೆದು ಬೇರೆ ಏನೋ ತುಂಬಿಬಿಡುತ್ತೆ.

ಹಾಗಾಗಿ ನೆರೆಹೊರೆಯ ಸುದ್ದಿಯನ್ನ ಇನ್‌ಸ್ಟ್ರಕ್ಷನ್ ಮೇಲೆ ಬರೆದಿಡಬಾರದು, ಬೇಕಾದಾಗ ಲೆಕ್ಕ ಹಾಕಿಕೊಳ್ಳಬೇಕು ಅಂತೀನಿ ನಾನು. ಲೆಕ್ಕ ಏನೂ ಬ್ರಹ್ಮವಿದ್ಯೆ ಅಲ್ಲ. ಬ್ಲಾಕಿನ ಕೊನೆಯಲ್ಲಿ ಯಾವ ರಿಜಿಸ್ಟರುಗಳು ಬೇಕು ಅಂತ ಗೊತ್ತಿದ್ದರೆ ಕೆಳಗಿನಿಂದ ಮೇಲಕ್ಕೆ ನಡೆದುಕೊಂಡು ಬನ್ನಿ. ಬರೆಯುವ ಇನ್‌ಸ್ಟ್ರಕ್ಷನ್ ಸಿಕ್ಕರೆ ಪಟ್ಟಿಯಿಂದ ತೆಗೀರಿ, ಓದುವುದು ಸಿಕ್ಕರೆ ಪಟ್ಟಿಗೆ ಸೇರಿಸಿ. ಸೇರಿಸುವಾಗ ಪಟ್ಟಿಯಲ್ಲಿ ಇರಲಿಲ್ಲ ಅಂದರೆ ಅದೇ ಕೊನೆಯ ಬಳಕೆ. ಮುಗೀತು.

ಜಿಸಿಸಿಯವರು ಹೆಚ್ಚೂಕಡಿಮೆ ಈ ದಾರಿಗೇ ಬಂದರು. 2008ರ 4.3 ಆವೃತ್ತಿಯಲ್ಲಿ ಹೊಸ ಡೇಟಾಫ್ಲೋ ಚೌಕಟ್ಟು ಬಂತು. ಅಲ್ಲಿಂದೀಚೆಗೆ 'ರೆಗ್ ಡೆಡ್' ನೋಟು ಬೇಕು ಅನ್ನೋ ಹಂತ ಮೊದಲೇ ಕೇಳಿ ಹೊಸದಾಗಿ ಲೆಕ್ಕ ಹಾಕಿಸಿಕೊಳ್ಳಬೇಕು, ಕೇಳದವರು ನಂಬಬಾರದು. ಆದರೂ ಹಳೇ ಸಂಸಾರ ಪೂರ್ತಿ ಬಿಟ್ಟಿಲ್ಲ. 'ಕಂಬೈನ್' ಅನ್ನೋ ಹಂತ ಎರಡು ಮೂರು ಇನ್‌ಸ್ಟ್ರಕ್ಷನ್ನುಗಳನ್ನ ಬೆಸೆದು ಒಂದು ಮಾಡುವಾಗ, ಅವುಗಳ ನೋಟುಗಳನ್ನ ಯಾರಿಗೆ ಹಂಚಬೇಕು ಅಂತ ಈಗಲೂ ಪಂಚಾಯ್ತಿ ಮಾಡುತ್ತೆ. ಆ ಹಂಚುವ ಫಂಕ್ಷನ್ ಓದಿ ನೋಡಿ, ಆಸ್ತಿ ಭಾಗದ ಪತ್ರ ಓದಿದ ಹಾಗಿರುತ್ತೆ :)

ಎಲ್‌ಎಲ್‌ವಿಎಂ 'ಕಿಲ್ಡ್' ಗುರುತನ್ನ ಇನ್ನೂ ಇಟ್ಟುಕೊಂಡಿದೆ. ಅಲ್ಲಿನ ನಿಯಮ ಒಂದು ಥರದಲ್ಲಿ ಜಾಣತನದ್ದು: ಗುರುತು ಇಲ್ಲದಿದ್ದರೆ ತಪ್ಪಲ್ಲ, ಸುಳ್ಳು ಗುರುತಿದ್ದರೆ ತಪ್ಪು. ಅನುಮಾನ ಬಂದರೆ ಅಳಿಸಿಬಿಡಿ ಅಂತ ಅದಕ್ಕೊಂದು ಫಂಕ್ಷನ್ನೇ ಇದೆ. ಸುಳ್ಳು ಹಿಡಿಯೋಕೆ ವೆರಿಫೈಯರ್ ಕೂಡ ಇದೆ. ಆದರೆ ನನ್ನ ತಕರಾರು ಇಲ್ಲೇ. ಅಳಿಸಿದರೂ ನಡೆಯುತ್ತೆ ಅಂದ ಮೇಲೆ ಅದರ ಬೆಲೆ ಎಷ್ಟು? ಅದನ್ನ ನಂಬಿಕೊಂಡ ಆಪ್ಟಿಮೈಸೇಶನ್ನಿಗೆ ಗುರುತಿದ್ದರೆ ಒಂದು ಫಲಿತಾಂಶ, ಹಿಂದಿನವರು ಅಳಿಸಿದ್ದರೆ ಇನ್ನೊಂದು. ಪ್ರೋಗ್ರಾಂ ಕೆಡೋದಿಲ್ಲ ನಿಜ, ಸುಮ್ಮನೆ ಒಂದಿಷ್ಟು ನಿಧಾನವಾಗುತ್ತೆ, ಯಾಕೆ ಅಂತ ಯಾರಿಗೂ ತಿಳಿಯೋದಿಲ್ಲ. ಇಂಥ ಬಗ್ ಹುಡುಕೋದಕ್ಕಿಂತ ಪ್ರೋಗ್ರಾಂ ಸತ್ತು ಬಿದ್ದರೆ ವಾಸಿ!

ಎಲ್ಲವನ್ನೂ ಲೆಕ್ಕ ಹಾಕಿಕೊಳ್ಳಿ, ಏನೂ ಬರೆದಿಡಬೇಡಿ ಅಂತ ಹೇಳಿದರೆ ಅದೂ ಅತಿಯಾಯ್ತು. ಕೆಲವು ಚೀಟಿಗಳು ಹೋದರೆ ಮತ್ತೆ ಹುಟ್ಟಿಸೋಕೆ ಬರಲ್ಲ. ರಿಜಿಸ್ಟರಿಗೆ ಸೊನ್ನೆ ತುಂಬಬೇಕಾದಾಗ ಕಂಪೈಲರುಗಳು ಅದನ್ನ ಅದರ ಜೊತೆಗೇ 'ಎಕ್ಸಾರ್' ಮಾಡುತ್ತವೆ. ಒಳಗೇನೇ ಇದ್ದರೂ ಉತ್ತರ ಸೊನ್ನೆಯೇ. ಆದರೆ ಕಾಗದದ ಮೇಲೆ ಅದು ಹಳೇ ಮೌಲ್ಯ ಓದಿದ ಹಾಗೇ ಕಾಣುತ್ತೆ. ಕೆಳಗಿನಿಂದ ಮೇಲಕ್ಕೆ ಲೆಕ್ಕ ಹಾಕುವವನು, ಓಹೋ ಹಳೇದು ಬೇಕು ಅಂತ ತಿಳಿದು ಆ ಪಾತ್ರೆಯನ್ನ ಸುಮ್ಮನೆ ಕಾಯ್ದಿಡುತ್ತಾನೆ. ಅದಕ್ಕೆ 'ಅನ್‌ಡೆಫ್' ಅನ್ನೋ ಗುರುತು: ಓದುತ್ತೇನೆ, ಆದರೆ ಏನಿದ್ದರೂ ನನಗೇನಂತೆ. ಇದು ಬರೆದವನ ಮನಸ್ಸಿನ ಮಾತು, ಹಾಗಾಗಿ ಚೀಟಿ ಬೇಕೇ ಬೇಕು.

ಇದರಲ್ಲೂ ಒಂದು ತಮಾಷೆ ಇದೆ. ಇಂಟೆಲ್‌ನ ಸ್ಯಾಂಡಿ ಬ್ರಿಡ್ಜ್‌ನಿಂದ ಹಿಡಿದು ಎಷ್ಟೋ ತಲೆಮಾರಿನ ಪ್ರೊಸೆಸರುಗಳಲ್ಲಿ ಒಂದುಗಳನ್ನ ಎಣಿಸುವ 'ಪಾಪ್‌ಕೌಂಟ್' ಇನ್‌ಸ್ಟ್ರಕ್ಷನ್, ತಾನು ಉತ್ತರ ಬರೆಯಬೇಕಾದ ರಿಜಿಸ್ಟರಿನ ಹಳೇ ಮೌಲ್ಯಕ್ಕೂ ವೃಥಾ ಕಾಯುತ್ತಿತ್ತು. ಮ್ಯಾನುಯಲ್ ಪ್ರಕಾರ ಅದಕ್ಕೆ ಹಳೇದು ಬೇಡ. ಆದರೂ ಯಂತ್ರ ಕಾಯುತ್ತೆ. ಒಂದೇ ಲೂಪು, ಬೇರೆ ರಿಜಿಸ್ಟರ್ ಸಿಕ್ಕರೆ ವೇಗ ಬೇರೆ! ಕೊನೆಗೆ ಕಂಪೈಲರುಗಳೇ ಮೊದಲು ಒಂದು ಎಕ್ಸಾರ್ ಹಾಕಿ ಆ ನಂಟು ಕತ್ತರಿಸೋಕೆ ಶುರು ಮಾಡಿದವು. ಯಂತ್ರದ ಇಂಥ ಗುಟ್ಟುಗಳನ್ನ ಯಾವ ಲೆಕ್ಕದಿಂದಲೂ ಹುಟ್ಟಿಸೋಕಾಗಲ್ಲ, ಬರೆದೇ ಇಡಬೇಕು. ಎಲ್‌ಎಲ್‌ವಿಎಂನ 'ರಿನೇಮಬಲ್' ಗುರುತೂ ಈ ಜಾತಿಯದ್ದೇ. ಈ ರಿಜಿಸ್ಟರನ್ನ ಕಂಪೈಲರ್ ತನ್ನ ಖುಷಿಗೆ ಆರಿಸಿಕೊಂಡಿದ್ದಾ, ಅಥವಾ ಫಂಕ್ಷನ್ ಕರೆಯುವ ನಿಯಮಕ್ಕೆ ಕಟ್ಟುಬಿದ್ದು ಇಟ್ಟಿದ್ದಾ ಅನ್ನೋದು ಬರೆದಿಡದಿದ್ದರೆ ಆಮೇಲೆ ಯಾರಿಗೆ ಗೊತ್ತಾಗಬೇಕು?

ಇನ್ನು ಕಂಪೈಲರ್ ಒಳಗಿನವರ ಸುದ್ದಿ ಬಿಟ್ಟು ನನ್ನಂಥ ಹೊರಗಿನವರ ಸುದ್ದಿ. ಸಿ ಕೋಡಿನ ನಡುವೆ ಅಸೆಂಬ್ಲಿ ಬರೆದಾಗ ಚೀಟಿ ಬರೆಯುವ ಹೊಣೆ ನಮ್ಮ ತಲೆಗೆ ಬರುತ್ತೆ. ಕಂಪೈಲರ್ ಆ ಅಸೆಂಬ್ಲಿಯ ಅರ್ಥವನ್ನ ನೋಡೋದೇ ಇಲ್ಲ. ನಾವು ಕೊಟ್ಟ ಪಟ್ಟಿಯೇ ಅದಕ್ಕೆ ವೇದ. ಜಿಸಿಸಿಯ ಪದ್ಧತಿಯಲ್ಲಿ ನಾವು ಹೇಳದ ರಿಜಿಸ್ಟರ್ ಸುರಕ್ಷಿತ ಅಂತಲೇ ಅರ್ಥ. ಮೆಮೊರಿ ಮುಟ್ಟುತ್ತೇನೆ ಅಂತ ಹೇಳದಿದ್ದರೆ ಮುಟ್ಟೋದಿಲ್ಲ ಅಂತ ಅರ್ಥ. ಇನ್‌ಪುಟ್ ಎಲ್ಲಾ ಓದಿ ಮುಗಿಯೋ ಮುಂಚೆಯೇ ಔಟ್‌ಪುಟ್ ಬರೆಯುತ್ತೇನೆ ಅಂತ ವಿಶೇಷ ಗುರುತು ಹಾಕದಿದ್ದರೆ ಎರಡಕ್ಕೂ ಒಂದೇ ರಿಜಿಸ್ಟರ್ ಕೊಟ್ಟರೂ ಕೊಟ್ಟೀತು. ಒಟ್ಟಿನಲ್ಲಿ ನಮ್ಮ ಮೌನಕ್ಕೆಲ್ಲ ಅತಿ ಧೈರ್ಯದ ಅರ್ಥ. ಮರೆಯೋದು ಮನುಷ್ಯನ ಸ್ವಭಾವ. ಮರೆತಾಗಲೇ ಅಪಾಯ ಹೆಚ್ಚಾಗುವ ಹಾಗೆ ನಿಯಮ ಮಾಡಿಟ್ಟರೆ ಹೇಗೆ ಸ್ವಾಮಿ?

ಬೇರೆ ಥರ ಮಾಡೋಕೆ ಬರಲ್ಲ ಅಂತೇನಿಲ್ಲ. 2022ರ ಫೆಬ್ರವರಿಯಲ್ಲಿ ರಸ್ಟ್ ಭಾಷೆಯ 1.59ರಲ್ಲಿ ಅಸೆಂಬ್ಲಿ ಬರೆಯುವ ಹೊಸ ಪದ್ಧತಿ ಸ್ಥಿರವಾಯ್ತು. ಅಲ್ಲಿ ಸುಮ್ಮನಿದ್ದರೆ ಮೆಮೊರಿ ಮುಟ್ಟುತ್ತಾನೆ, ಫ್ಲಾಗು ಕೆಡಿಸುತ್ತಾನೆ ಅಂತಲೇ ಕಂಪೈಲರ್ ತಿಳಿಯುತ್ತೆ. ಇಲ್ಲ, ನಾನು ಮುಟ್ಟಲ್ಲ ಅಂತ ಬಾಯಿಬಿಟ್ಟು ಭರವಸೆ ಕೊಟ್ಟರೆ ಮಾತ್ರ ಸಡಿಲ ಬಿಡುತ್ತೆ. 'ಔಟ್' ಅಂದರೆ ಇನ್‌ಪುಟ್ಟಿನ ರಿಜಿಸ್ಟರ್ ಹಂಚಿಕೊಳ್ಳಲ್ಲ. ಹಂಚಿಕೊಳ್ಳಬಹುದು ಅಂತ ಖಚಿತ ಇದ್ದವರು 'ಲೇಟ್‌ಔಟ್' ಅಂತ ಬರೀಬೇಕು. ಆದರೂ ನನ್ನ ಆರ್‌ಸಿಎಕ್ಸ್ ಕಥೆ ರಸ್ಟಿನಲ್ಲೂ ಆಗುತ್ತಿತ್ತು ಅನ್ನೋದನ್ನ ಒಪ್ಪಬೇಕು, ಅಲ್ಲೂ ಕೆಡುವ ರಿಜಿಸ್ಟರುಗಳ ಹೆಸರು ನಾವೇ ಹೇಳಬೇಕು. ಕೆಲವರು ಕೇಳಬಹುದು, ಕಂಪೈಲರೇ ಆ ಅಸೆಂಬ್ಲಿ ಓದಿ ಐಡಿವ್‌ಗೆ ಹಾಕುವ ಹಾಗೆ ಚೀಟಿ ಹಾಕಿಕೊಳ್ಳಬಾರದಾ ಅಂತ. ಎಲ್‌ಎಲ್‌ವಿಎಂ ಹತ್ತಿರ ಅದರದೇ ಅಸೆಂಬ್ಲರ್ ಇದೆ, ಪ್ರತಿ ಇನ್‌ಸ್ಟ್ರಕ್ಷನ್ನಿನ ಹುಟ್ಟುಗುಣದ ಪಟ್ಟಿಯೂ ಇದೆ. ಪೂರ್ತಿ ನಂಬೋದು ಬೇಡ, ಕೊನೇಪಕ್ಷ 'ನೀವು ಆರ್‌ಸಿಎಕ್ಸ್ ಹೇಳಿಲ್ಲವಲ್ಲ' ಅಂತ ಒಂದು ಎಚ್ಚರಿಕೆಯಾದರೂ ಕೊಡಬಹುದಲ್ಲ? ಅಸೆಂಬ್ಲಿ ಒಳಗೆ ನಾವೇ ಎತ್ತಿಟ್ಟು ವಾಪಸ್ ಹಾಕಿರಬಹುದು, ಬೇರೆ ಫಂಕ್ಷನ್ ಕರೆದಿರಬಹುದು, ಸುಳ್ಳು ಎಚ್ಚರಿಕೆಗಳೂ ಬಂದಾವು. ಬರಲಿ ಬಿಡಿ, ಎರಡು ರಾತ್ರಿಗಿಂತ ಅಗ್ಗ.

ನನ್ನ ಸಾಲಿಗೆ ಆರ್‌ಸಿಎಕ್ಸ್, ಆರ್11 ಅಂತ ಎರಡು ಹೆಸರು ಸೇರಿಸಿದೆ. ಸೇರಿಸುವಾಗಲೇ ನೋಡಿದೆ, ಮೆಮೊರಿಯನ್ನೂ ಹೇಳಿರಲಿಲ್ಲ. ಬಫರಿಗೆ ತುಂಬಿದ ಅಕ್ಷರಗಳು ಯಾರಿಗೂ ಬೇಡ ಅಂತ ಕಂಪೈಲರ್ ಇಡೀ ತುಂಬುವ ಕೆಲಸವನ್ನೇ ಎತ್ತಿ ಹಾಕಬಹುದಿತ್ತು, ಇಷ್ಟು ದಿನ ಹಾಕಿರಲಿಲ್ಲ ಅಷ್ಟೇ. ಅದನ್ನೂ ಸೇರಿಸಿದೆ. ಈಗ ಸಾಲುಗಳ ಲೆಕ್ಕ ಒಂದು, ಎರಡು, ಮೂರು ಅಂತ ಬರ್ತಿದೆ. ಹಳೇ ಕೋಡಿನಲ್ಲಿ ಇಂಥ ಅಸೆಂಬ್ಲಿ ತುಣುಕು ಎಲ್ಲೆಲ್ಲಿ ತುರುಕಿದ್ದೀನೋ ಅಂತ ಹುಡುಕಿದರೆ ಇನ್ನೂ ಏಳು ಸಿಕ್ಕಿವೆ. ಎರಡನ್ನ ನೋಡಿಯಾಯ್ತು, ಎರಡೂ ತಪ್ಪು. ಉಳಿದ ಐದನ್ನ ಈ ಶನಿವಾರ ನೋಡಬೇಕು.