ಆರಿಸಬಾರದ ದೀಪ

ನಮ್ಮ ವಿದ್ಯಾಸಂಸ್ಥೆಯ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಹಳಗನ್ನಡದ ಯಾವುದಾದರೊಂದು ಕಾವ್ಯವನ್ನು ಕುರಿತು ನಾನು ಬರೆಯುವೆನೆಂದೇ ಅವರು ಎಣಿಸಿದ್ದರು. ಈ ಸಲ ಅವರನ್ನು ನಿರಾಶೆಗೊಳಿಸುತ್ತಿದ್ದೇನೆ. ಛಂದಸ್ಸು ವ್ಯಾಕರಣಗಳ ನಡುವೆ ತಲೆ ನರೆತ ನಾನು ಮೋಟಾರು ವಾಹನದ ಬ್ರೇಕಿನ ವಿಚಾರವನ್ನು ಬರೆಯಹೊರಟಿರುವುದು ಕೆಲವರಿಗೆ ಅಧಿಕಪ್ರಸಂಗವೆನಿಸಬಹುದು. ಆದರೆ ಕಳೆದ ಮಳೆಗಾಲದಲ್ಲಿ ನನ್ನ ಅವಿವೇಕದಿಂದ ಈ ಶಾಲೆಯ ಮೂವರು ಮಕ್ಕಳಿಗೆ ಒದಗಬಹುದಾಗಿದ್ದ ಅಪಾಯವನ್ನು ನೆನೆದರೆ, ಬರೆಯದೆ ಸುಮ್ಮನಿರುವುದೇ ದೊಡ್ಡ ತಪ್ಪೆಂದು ತೋರುತ್ತದೆ.

ನನ್ನ ಕಾರು ಹಳೆಯದು. 2009ರಲ್ಲಿ ತಯಾರಾದದ್ದು, ನಾನು ಅದರ ಎರಡನೆಯ ಒಡೆಯ. ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿಯನ್ನು ನವೀಕರಿಸಿಕೊಂಡು ಓಡಿಸುತ್ತಿದ್ದೇನೆ. ಅದರಲ್ಲಿ ಎ.ಬಿ.ಎಸ್. ಎಂದು ಕರೆಯುವ, ಗಾಲಿ ಬಿಗಿದು ನಿಲ್ಲದಂತೆ ನೋಡಿಕೊಳ್ಳುವ ಬ್ರೇಕ್ ವ್ಯವಸ್ಥೆಯುಂಟು. ಒಂದು ದಿನ ಚಾಲಕನ ಎದುರಿನ ಫಲಕದಲ್ಲಿ ಆ ಮೂರಕ್ಷರಗಳುಳ್ಳ ಹಳದಿ ದೀಪ ಹೊತ್ತಿಕೊಂಡಿತು, ಆರಲೇ ಇಲ್ಲ. ಗ್ಯಾರೇಜೊಂದಕ್ಕೆ ಒಯ್ದೆ. ಅಲ್ಲಿಯವನು ಕಾರನ್ನು ಒಂದು ಸುತ್ತು ಓಡಿಸಿ ಬಂದು, "ಬ್ರೇಕ್ ಚೆನ್ನಾಗೇ ಹಿಡೀತಿದೆ ಮೇಷ್ಟ್ರೇ. ಇದನ್ನ ರಿಪೇರಿ ಮಾಡ್ಸೋಕೆ ಹೋದ್ರೆ ಸುಮ್ನೆ ದುಡ್ಡು ದಂಡ. ದೀಪ ಕಣ್ಣಿಗೆ ಚುಚ್ಚುತ್ತೆ ಅಂದ್ರೆ ತೆಗೆದುಬಿಡ್ತೀನಿ" ಎಂದನು. ನಾನು ಒಪ್ಪಿದೆ. ಅಪರಾಧದಲ್ಲಿ ಅವನದು ಅರ್ಧವಾದರೆ ನನ್ನದು ಅರ್ಧ. ದೀಪ ಆರಿತು, ನನ್ನ ಮನಸ್ಸೂ ನಿಶ್ಚಿಂತವಾಯಿತು. ಕೆಲವು ತಿಂಗಳಲ್ಲಿ ಆ ಸಂಗತಿಯನ್ನೇ ಮರೆತೆ.

ಮಳೆಗಾಲದ ಒಂದು ಸಂಜೆ, ಭದ್ರಾವತಿಯಲ್ಲಿ ನಡೆದ ಭಾಷಣ ಸ್ಪರ್ಧೆಯಿಂದ ಮೂವರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಶಿವಮೊಗ್ಗಕ್ಕೆ ಮರಳುತ್ತಿದ್ದೆ. ಮಾಚೇನಹಳ್ಳಿಯ ಸಮೀಪ, ಮಳೆ ಹನಿಯುತ್ತಿರುವಾಗ, ರಸ್ತೆಯಂಚಿನಿಂದ ಎಮ್ಮೆಯೊಂದು ಧುತ್ತೆಂದು ಅಡ್ಡ ಬಂದಿತು. ಬ್ರೇಕನ್ನು ಬಲವಾಗಿ ಒತ್ತಿ, ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದೆ. ಕಾರು ತಿರುಗಲಿಲ್ಲ. ಗಾಲಿಗಳು ಬಿಗಿದುಕೊಂಡು, ನೇರವಾಗಿ ಜಾರುತ್ತ ಹೋಗಿ, ಆ ಮೂಕಪ್ರಾಣಿಗೆ ಒಂದು ಮಾರು ದೂರದಲ್ಲಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ; ಅದು ದೈವಕೃಪೆಯೇ ಹೊರತು ನನ್ನ ಜಾಣ್ಮೆಯಲ್ಲ. ಸ್ವಲ್ಪ ಹೊತ್ತಿನ ಮೌನದ ಬಳಿಕ ಹಿಂದಿನಿಂದ ಒಬ್ಬ ಹುಡುಗ ಕೇಳಿದ: "ಸರ್, ನೀವು ತಿರುಗಿಸಿದ್ರೂ ಕಾರು ಯಾಕೆ ತಿರುಗಲಿಲ್ಲ?" ಮೂರು ದಶಕಗಳ ಕಾಲ ಪ್ರಶ್ನೆ ಕೇಳುವುದನ್ನೇ ವೃತ್ತಿಯಾಗಿಸಿಕೊಂಡ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಉತ್ತರವನ್ನು ಆಮೇಲೆ ಕಲಿತೆ. ಮಲೆನಾಡಿನವರಿಗೆ ಅದು ಸುಲಭವಾಗಿ ಅರ್ಥವಾಗುವಂಥದು. ಪಾಚಿ ಕಟ್ಟಿದ ಅಂಗಳದಲ್ಲಿ ಓಡಿಬರುವವನು ಕಾಲನ್ನು ಒಮ್ಮೆಗೇ ಊರಿ ಸೆಟೆದರೆ ಜಾರಿ ಬೀಳುತ್ತಾನೆ. ಪುಟ್ಟ ಪುಟ್ಟ ಹೆಜ್ಜೆಯಿಟ್ಟು ವೇಗ ತಗ್ಗಿಸಿದರೆ ನಿಲ್ಲುತ್ತಾನೆ. ಗಾಲಿಯೂ ಹಾಗೆಯೇ. ಉರುಳುತ್ತಿರುವ ಗಾಲಿಗೆ ಮಾತ್ರ ರಸ್ತೆಯ ಮೇಲೆ ಹಿಡಿತವುಂಟು, ದಿಕ್ಕು ಬದಲಿಸುವ ಶಕ್ತಿಯುಂಟು. ಉರುಳದೆ ಜಾರುವ ಗಾಲಿಯನ್ನು ಎತ್ತ ತಿರುಗಿಸಿದರೂ ಕಾರು ತಾನು ಹೋಗುತ್ತಿದ್ದತ್ತಲೇ ಹೋಗುತ್ತದೆ. ಪ್ರತಿ ಗಾಲಿಯ ಬಳಿ ಅದರ ವೇಗವನ್ನು ಅಳೆಯುವ ಸಣ್ಣ ಸೆನ್ಸರ್ ಒಂದಿರುತ್ತದೆ. ಬ್ರೇಕ್ ಒತ್ತಿದಾಗ ಯಾವುದೋ ಗಾಲಿ ಬಿಗಿಯುವ ಸೂಚನೆ ಕಂಡೊಡನೆ ನಿಯಂತ್ರಕ ಯಂತ್ರವು ಆ ಗಾಲಿಯ ಬ್ರೇಕಿನ ಒತ್ತಡವನ್ನು ಸಡಿಲಿಸಿ ಮತ್ತೆ ಹಿಡಿಯುತ್ತದೆ. ಈ ಹಿಡಿ-ಬಿಡು ಸೆಕೆಂಡಿಗೆ 10–15 ಬಾರಿ ನಡೆಯುತ್ತದೆ. ಆಗ ಪೆಡಲು ಪಾದದಡಿಯಲ್ಲಿ ಅದುರುತ್ತದೆ. ಯಾವ ಮನುಷ್ಯನ ಕಾಲಿಗೂ ಆ ಚುರುಕು ಸಾಧ್ಯವಿಲ್ಲ. ಜರ್ಮನಿಯ ಬಾಷ್ ಸಂಸ್ಥೆ ಸಿದ್ಧಪಡಿಸಿದ ಇಂಥ ವಿದ್ಯುನ್ಮಾನ ವ್ಯವಸ್ಥೆ 1978ರಲ್ಲಿ ಮರ್ಸಿಡಿಸ್ ಬೆಂಜ್ ಕಾರಿನಲ್ಲಿ ಬಂದಿತು. ನಮ್ಮ ದೇಶದಲ್ಲಿ ತಯಾರಾಗುವ ಕಾರುಗಳೆಲ್ಲಕ್ಕೂ 2019ರ ಏಪ್ರಿಲಿನಿಂದ ಇದು ಕಡ್ಡಾಯವಾಗಿದೆ. ಇದೇನೂ ಪವಾಡವಲ್ಲ: ಸಡಿಲ ಜಲ್ಲಿಯ ಮೇಲೆ ಕಾರು ನಿಲ್ಲಲು ಹೆಚ್ಚು ದೂರವನ್ನೇ ತೆಗೆದುಕೊಳ್ಳಬಹುದು. ಆದರೆ ಒದ್ದೆಯಾದ ಡಾಂಬರು ರಸ್ತೆಯಲ್ಲಿ, ಅಪಾಯವನ್ನು ಬಳಸಿ ಹೋಗುವ ಅವಕಾಶವನ್ನು ಚಾಲಕನ ಕೈಯಲ್ಲಿ ಉಳಿಸುತ್ತದೆ.

ವ್ಯವಸ್ಥೆ ಕೆಟ್ಟರೆ ಏನಾಗುತ್ತದೆ? ಯಂತ್ರವು ತನ್ನ ದೋಷವನ್ನು ತಾನೇ ಅರಿತು, ಕೆಲಸದಿಂದ ಹಿಂದೆ ಸರಿದು, ಹಳದಿ ದೀಪವನ್ನು ಹೊತ್ತಿಸುತ್ತದೆ. ಸಾಮಾನ್ಯ ಬ್ರೇಕು ಉಳಿದಿರುತ್ತದೆ. ಗ್ಯಾರೇಜಿನವನು "ಹಿಡೀತಿದೆ" ಎಂದದ್ದು ಆ ಮಟ್ಟಿಗೆ ಸುಳ್ಳಲ್ಲ. ಅರ್ಧಸತ್ಯದ ಅಪಾಯವೇ ಇದು.

ನನ್ನ ಮುಖ್ಯ ಅಭಿಪ್ರಾಯ ಇಲ್ಲಿದೆ. ವ್ಯಾಕರಣದಲ್ಲಿ ಉತ್ಸರ್ಗವೆಂದೂ ಅಪವಾದವೆಂದೂ ಎರಡು ಬಗೆಯ ವಿಧಿಗಳುಂಟು. ಎಲ್ಲಿ ಸಾಮಾನ್ಯ ನಿಯಮ ಸಲ್ಲುತ್ತದೆ, ಎಲ್ಲಿ ವಿಶೇಷ ನಿಯಮ ಸಲ್ಲುತ್ತದೆ ಎಂಬುದನ್ನು ಅರಿಯದವನು ಎರಡನ್ನೂ ಕಂಠಪಾಠ ಮಾಡಿದ್ದರೂ ತಪ್ಪುತ್ತಾನೆ. ಬ್ರೇಕಿಗೂ ಎರಡು ವಿಧಿಗಳಿವೆ. ಎ.ಬಿ.ಎಸ್. ಸರಿಯಾಗಿದ್ದರೆ ಪೆಡಲನ್ನು ಬಲವಾಗಿ ಒತ್ತಿ ಹಿಡಿದೇ ಇರಬೇಕು, ಅದುರಿದರೂ ಬಿಡಬಾರದು. ಅದು ಕೆಟ್ಟಿದ್ದರೆ, ಗಾಲಿ ಬಿಗಿದೊಡನೆ ಕಾಲನ್ನು ಸಡಿಲಿಸಿ ಮತ್ತೆ ಒತ್ತಬೇಕು. ಒಂದು ವಿಧಿ ಇನ್ನೊಂದಕ್ಕೆ ವಿರುದ್ಧ. ಯಾವ ಹೊತ್ತಿನಲ್ಲಿ ಯಾವುದು ಸಲ್ಲುತ್ತದೆಂದು ಚಾಲಕನಿಗೆ ತಿಳಿಸುವುದು ಆ ಹಳದಿ ದೀಪವೊಂದೇ. ಅದನ್ನು ಕುರುಡಾಗಿಸಿದವನು ದೋಷವನ್ನು ನಿವಾರಿಸಿದಂತಾಗುವುದಿಲ್ಲ. ದೋಷದ ಅರಿವನ್ನು ಮಾತ್ರ ಅಳಿಸಿದಂತಾಗುತ್ತದೆ. ಅಂದು ಮಾಚೇನಹಳ್ಳಿಯಲ್ಲಿ ನಾನು ಮೊದಲನೆಯ ವಿಧಿಯನ್ನು ಪಾಲಿಸಿದೆ. ನನ್ನ ಕಾರು ಬೇಡುತ್ತಿದ್ದುದು ಎರಡನೆಯದನ್ನು.

ಮರುದಿನವೇ ಭದ್ರಾವತಿಯಲ್ಲಿ ಗ್ಯಾರೇಜು ನಡೆಸುತ್ತಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನಲ್ಲಿಗೆ ಹೋದೆ. ಅವನು ಮೊದಲು ದೀಪವನ್ನು ಮರಳಿ ಜೋಡಿಸಿದ. ಬಳಿಕ ಸ್ಕ್ಯಾನರ್ ಎಂಬ ಸಣ್ಣ ಉಪಕರಣವನ್ನು ಕಾರಿಗೆ ಸೇರಿಸಿ ನೋಡಿದಾಗ, ಮುಂದಿನ ಎಡಗಾಲಿಯ ಸೆನ್ಸರಿನಿಂದ ಸುದ್ದಿ ಬರುತ್ತಿಲ್ಲವೆಂದು ತಿಳಿಯಿತು. ಗಾಲಿ ಬಿಚ್ಚಿ ನೋಡಿದರೆ, ಅದರ ವೈರನ್ನು ಇಲಿ ಕಡಿದಿತ್ತು! ಗದ್ದೆಯಂಚಿನ ಮನೆಗಳಲ್ಲಿ ಕಾರು ನಿಲ್ಲಿಸುವವರಿಗೆ ಈ ಶತ್ರುವಿನ ಪರಿಚಯವನ್ನು ಹೇಳಬೇಕಾಗಿಲ್ಲ. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ನಾನು ದುಡ್ಡು ದಂಡವೆಂದು ಹೆದರಿದ್ದ ರಿಪೇರಿಯ ವೆಚ್ಚ ಒಂದು ಹೊಸ ಟೈರಿನ ಬೆಲೆಗಿಂತ ಕಡಿಮೆಯಾಗಿತ್ತು. ಹೊರಡುವಾಗ ಆ ಶಿಷ್ಯನೆಂದ: "ನಮ್ಮಪ್ಪ ಕಬ್ಬಿಣದ ಕಾರ್ಖಾನೇಲಿ ಕುಲುಮೆ ಹತ್ರ ಇದ್ರು ಗುರುಗಳೇ. ಮೀಟರಿನ ಮುಳ್ಳು ಮೇಲೆ ಹೋಯ್ತು ಅಂದ್ರೆ ಕುಲುಮೆ ನೋಡ್ತಿದ್ರಂತೆ, ಮೀಟರ್ ಕೀಳ್ತಿರ್ಲಿಲ್ಲ." 1923ರಿಂದ ಕಬ್ಬಿಣ ಕರಗಿಸಿದ ಊರು, ಮುಂದೆ ವಾಹನಗಳ ಭಾಗಗಳಿಗೆ ಬೇಕಾದ ಮಿಶ್ರಲೋಹದ ಉಕ್ಕನ್ನೂ ಕೊಟ್ಟ ಊರು ಭದ್ರಾವತಿ. ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರಲ್ಲಿ ಹೊರಬಿದ್ದಾಗ ಊರಿಗೆ ಊರೇ ಮರುಗಿತು. ಆದರೆ ಅಲ್ಲಿ ದುಡಿದವರ ಈ ವಿವೇಕ ಮಕ್ಕಳ ಕೈಗಳಲ್ಲಿ ಉಳಿದಿದೆಯೆಂಬುದು ಸಮಾಧಾನದ ಸಂಗತಿ. ಇದೇ ಅಲ್ಲವೇ ಕಾಯಕನಿಷ್ಠೆ?

ಎಲ್ಲರ ದೋಷವೂ ಇಷ್ಟು ಅಗ್ಗದಲ್ಲಿ ತೀರುವುದಿಲ್ಲವೆಂಬ ಆಕ್ಷೇಪಣೆ ನ್ಯಾಯವಾದದ್ದು. ಸೆನ್ಸರಿಗೆ ಮೆತ್ತಿದ ಕೆಸರು, ತುಕ್ಕು ಹಿಡಿದ ಹಲ್ಲುಬಳೆ, ಸವೆದ ಗಾಲಿಯ ಬೇರಿಂಗು, ಸುಟ್ಟ ಫ್ಯೂಸು, ಸೊರಗಿದ ಬ್ಯಾಟರಿ, ಒಂದಕ್ಕೊಂದು ಹೊಂದದ ಅಳತೆಯ ಟೈರುಗಳು, ಇವೆಲ್ಲ ಈ ದೀಪವನ್ನು ಹೊತ್ತಿಸಬಲ್ಲವು. ಇವುಗಳನ್ನು ಸರಿಪಡಿಸುವುದು ಬಹುಮಟ್ಟಿಗೆ ಕೈಗೆಟಕುವ ಕೆಲಸ. ನಿಯಂತ್ರಕ ಯಂತ್ರವೇ ಕೆಟ್ಟರೆ ಮಾತ್ರ ವೆಚ್ಚ ಹೆಚ್ಚು. ಹಳೆಯ ಕಾರಿನ ಬೆಲೆಗೆ ಹೋಲಿಸಿದರೆ ಅದು ಹೊರೆಯೇ ಸರಿ. ಆದುದರಿಂದಲೇ ಮೊದಲು ಪರೀಕ್ಷೆ, ಆಮೇಲೆ ಖರ್ಚಿನ ಮಾತು ಎಂಬ ಕ್ರಮವಿರಬೇಕು. ನಿಜವಾಗಿ ಅಷ್ಟು ಶಕ್ತಿಯಿಲ್ಲದವನು ದೀಪವನ್ನು ಉರಿಯಲು ಬಿಟ್ಟು, ನಿಧಾನವಾಗಿ ಓಡಿಸಲಿ. ಮುಂದಿನ ವಾಹನದಿಂದ ಹೆಚ್ಚು ಅಂತರವಿಟ್ಟುಕೊಳ್ಳಲಿ. ಮಳೆಯಲ್ಲಿ ಘಟ್ಟದ ದಾರಿಯನ್ನು ಬಿಡಲಿ. ತನ್ನ ಕಾರನ್ನು ಓಡಿಸುವ ಪ್ರತಿಯೊಬ್ಬರಿಗೂ ಸ್ಥಿತಿಯನ್ನು ತಿಳಿಸಲಿ. ಉರಿಯುವ ದೀಪದೊಡನೆ ಮೆಲ್ಲಗೆ ಹೋಗುವ ಬಡವನ ಕಾರು, ಆರಿದ ದೀಪದೊಡನೆ ಧಾವಿಸುವ ಧನಿಕನ ಕಾರಿಗಿಂತ ಸಾವಿರ ಪಾಲು ಮೇಲು. ಹಳದಿಯೊಡನೆ ಬ್ರೇಕಿನ ಕೆಂಪು ದೀಪವೂ ಹೊತ್ತಿದರೆ ಆ ಮಾತು ಸಲ್ಲದು. ಆಗ ಸಾಮಾನ್ಯ ಬ್ರೇಕೇ ಅಪಾಯದಲ್ಲಿರಬಹುದು. ವಾಹನವನ್ನು ಅಲ್ಲಿಯೇ ನಿಲ್ಲಿಸತಕ್ಕದ್ದು.

ಹಳೆಯ ಕಾರನ್ನು ಕೊಳ್ಳುವವರಿಗೊಂದು ಸೂಚನೆ. ಕೀಲಿ ತಿರುಗಿಸಿದಾಗ ಈ ಹಳದಿ ದೀಪ ಒಮ್ಮೆ ಹೊತ್ತಿ, ಸ್ವಲ್ಪದರಲ್ಲೇ ಆರಬೇಕು. ಆರದಿದ್ದರೆ ದೋಷವುಂಟು. ಹೊತ್ತಲೇ ಇಲ್ಲವಾದರೆ, ಯಾರೋ ಅದರ ಬಾಯಿ ಕಟ್ಟಿರಬಹುದೆಂದು ಶಂಕಿಸಿರಿ. ಮಾರುವವರು ಇದನ್ನು ಮುಚ್ಚಿಡುವುದು ವಂಚನೆ. ನೋಂದಣಿ ನವೀಕರಣಕ್ಕೆ ಬಂದ ಕಾರುಗಳಲ್ಲಿ ಇದನ್ನು ಕಡ್ಡಾಯವಾಗಿ ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅರ್ಧ ನಿಮಿಷದ ಕೆಲಸವದು.

ಕೊನೆಯದಾಗಿ ನಮ್ಮ ಬಳಗಕ್ಕೊಂದು ಅರಿಕೆ. ಶಿವಮೊಗ್ಗ ಭದ್ರಾವತಿಗಳಲ್ಲಿ ಗ್ಯಾರೇಜು ನಡೆಸುವ ಹಳೆಯ ವಿದ್ಯಾರ್ಥಿಗಳು ಮಳೆಗಾಲಕ್ಕೆ ಮುನ್ನ ಒಂದು ದಿನ ಶಾಲೆಯ ಆವರಣದಲ್ಲಿ ಸೇರಿ, ಮಕ್ಕಳನ್ನು ಕರೆತರುವ ವಾಹನಗಳ ಬ್ರೇಕುಗಳನ್ನು ಪರೀಕ್ಷಿಸಿಕೊಟ್ಟರೆ ಎಷ್ಟು ಚೆನ್ನ! ಸ್ಕ್ಯಾನರ್ ಒಂದನ್ನು ಕೊಡಿಸುವ ದಾನಿಗಳು ಮುಂದೆ ಬಂದರೆ, ಗೋಡೆಯ ಮೇಲೆ ಹೆಸರು ಕೆತ್ತಿಸುವ ದಾನಕ್ಕಿಂತ ಅದೇನೂ ಕಡಿಮೆಯದಲ್ಲ. ಅಂಕಪಟ್ಟಿಯಲ್ಲಿ ಕೆಂಪು ಗೆರೆ ಕಂಡರೆ ನಾವು ಅಧ್ಯಾಪಕರು ಗೆರೆಯನ್ನು ಅಳಿಸುವುದಿಲ್ಲ. ಹುಡುಗನನ್ನು ಹತ್ತಿರ ಕೂರಿಸಿಕೊಂಡು ಪಾಠ ಹೇಳುತ್ತೇವೆ. ನನ್ನ ಕಾರಿಗೆ ಆ ನ್ಯಾಯವನ್ನು ನಾನು ಸಲ್ಲಿಸಲಿಲ್ಲ.

ಅಂದು ಪ್ರಶ್ನೆ ಕೇಳಿದ ಹುಡುಗನಿಗೆ ತರಗತಿಯಲ್ಲಿ, ಎಲ್ಲರ ಎದುರಿಗೆ, ಉತ್ತರವನ್ನೂ ನನ್ನ ತಪ್ಪನ್ನೂ ಹೇಳಿದ್ದೇನೆ. ಈಗ ತಮ್ಮೆಲ್ಲರ ಮುಂದೆಯೂ ಅದನ್ನು ಒಪ್ಪಿಕೊಂಡು ವಿರಮಿಸುತ್ತೇನೆ.